ಪಿನ್‌ಬಾಲ್ ಯಂತ್ರದ ಎರಡು ದನಿಗಳು

2000ರ ದಶಕದಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ಬಳಸಿದವರಿಗೆ ‘ಸ್ಪೇಸ್ ಕೆಡೆಟ್’ ಎಂಬ ಪಿನ್‌ಬಾಲ್ ಆಟ ನೆನಪಿರಬಹುದು. ಇಳಿಜಾರು ಹಲಗೆಯ ಮೇಲೆ ಗುಂಡೊಂದು ಉರುಳುತ್ತದೆ. ಅದು ಕೆಳಗೆ ಬಿದ್ದುಹೋಗದಂತೆ ‘ಫ್ಲಿಪ್ಪರ್’ ಎಂಬ ಜೋಡಿ ಕೈಗಳಿಂದ ಮೇಲಕ್ಕೆ ಹೊಡೆಯುತ್ತಿರಬೇಕು. ಇಂಥ ಯಾವುದಾದರೂ ಆಟವನ್ನು ಒಮ್ಮೆ ಸದ್ದು ಅಡಗಿಸಿ ಆಡಿ ನೋಡಿ. ಗುಂಡಿನ ವೇಗ ಅಷ್ಟೇ ಇರುತ್ತದೆ, ನಿಯಮಗಳೂ ಬದಲಾಗುವುದಿಲ್ಲ. ಆದರೆ ಗುಂಡು ಉಕ್ಕಿನದೆಂದು ಅನ್ನಿಸುವುದಿಲ್ಲ; ಪರದೆಯ ಮೇಲೆ ಒಂದು ಚುಕ್ಕೆ ಓಡಾಡಿದಂತೆ ಕಾಣುತ್ತದೆ. ಆ ಚುಕ್ಕೆಗೆ ತೂಕವಿದೆ ಎಂದು ನಾವು ನಂಬುವುದು ಬಹುಮಟ್ಟಿಗೆ ಸದ್ದಿನಿಂದ. ಆ ಸದ್ದು ಕಂಪ್ಯೂಟರಿಗೆ ಬಂದುದು ಹೇಗೆ? ಅದನ್ನು ತಿಳಿಯಲು ನಿಜವಾದ ಯಂತ್ರದಿಂದಲೇ ಆರಂಭಿಸಬೇಕು.

ಮೊಳೆಯಿಂದ ಗಂಟೆಗೆ

ಹಲಗೆಗೆ ಮೊಳೆ ಹೊಡೆದು ಗೋಲಿ ಉರುಳಿಸುವ ಬಗಾಟೆಲ್ ಆಟವನ್ನು ನಿಮ್ಮಲ್ಲಿ ಕೆಲವರು ಚಿಕ್ಕಂದಿನಲ್ಲಿ ಆಡಿರಬಹುದು. ಪಿನ್‌ಬಾಲಿನ ಮೂಲ ಅದೇ. 1871ರಲ್ಲಿ ಅಮೆರಿಕದಲ್ಲಿ ಮಾಂಟೆಗ್ಯೂ ರೆಡ್‌ಗ್ರೇವ್ ಬಗಾಟೆಲ್‌ನ ಸುಧಾರಣೆಗಳಿಗೆ ಪೇಟೆಂಟ್ ಪಡೆದರು. ಗುಂಡನ್ನು ಚಿಮ್ಮಿಸುವ ಸ್ಪ್ರಿಂಗ್ ಅವುಗಳಲ್ಲಿ ಒಂದು. ಆಗ ಆಟದ ಸದ್ದೆಂದರೆ ಮುಖ್ಯವಾಗಿ ಗುಂಡು ಮರ ಮತ್ತು ಮೊಳೆಗಳಿಗೆ ತಾಗಿದ ಸದ್ದು.

1933ರಲ್ಲಿ ಹ್ಯಾರಿ ವಿಲಿಯಮ್ಸ್ ರೂಪಿಸಿದ ‘ಕಾಂಟ್ಯಾಕ್ಟ್’ ಯಂತ್ರದಲ್ಲಿ ವಿದ್ಯುತ್ತು ಕೆಲಸಕ್ಕೆ ಬಂತು. ಅದರಲ್ಲಿ ಒಂದು ಸಾಲಿನಾಯ್ಡ್ ಗುಂಡನ್ನು ಕುಳಿಯಿಂದ ಹೊರಕ್ಕೆ ಒದೆಯುತ್ತಿತ್ತು. ಇನ್ನೊಂದು ಗಂಟೆ ಬಾರಿಸುತ್ತಿತ್ತು. ಸಾಲಿನಾಯ್ಡ್ ಎಂದರೆ ತಂತಿಯ ಸುರುಳಿ. ವಿದ್ಯುತ್ ಹರಿದೊಡನೆ ಅದು ಕಾಂತವಾಗಿ ಒಳಗಿನ ಕಬ್ಬಿಣದ ದಂಡವನ್ನು ರಭಸದಿಂದ ಎಳೆಯುತ್ತದೆ. 1947ರ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ ಫ್ಲಿಪ್ಪರ್‌ಗಳು ಬಂದವು. ಅವುಗಳನ್ನು ಆಡಿಸುವುದೂ ಸಾಲಿನಾಯ್ಡೇ.

ಮುಂದಿನ ದಶಕಗಳ ಅನೇಕ ಯಂತ್ರಗಳಲ್ಲಿ 10, 100, 1000 ಅಂಕಗಳಿಗೆ ಒಂದೊಂದರಂತೆ ಲೋಹದ ಪಟ್ಟಿಗಳಿದ್ದವು. ದಪ್ಪ ಒಂದೇ ಇದ್ದರೆ ಪಟ್ಟಿಯ ಕಂಪನಾಂಕ ಅದರ ಉದ್ದದ ವರ್ಗಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಅರ್ಧ ಉದ್ದದ ಪಟ್ಟಿಯ ಕಂಪನಾಂಕ ನಾಲ್ಕು ಪಟ್ಟು. ಹೀಗಾಗಿ ಮೂರು ಪಟ್ಟಿಗಳ ಸ್ವರಗಳನ್ನು ಸುಲಭವಾಗಿ ಗುರುತಿಸಬಹುದಿತ್ತು. ಆಟಗಾರ ಗುಂಡಿನಿಂದ ಕಣ್ಣು ತೆಗೆಯದೆಯೇ ಎಷ್ಟು ಅಂಕ ಬಂತೆಂದು ಕಿವಿಯಿಂದ ತಿಳಿಯುತ್ತಿದ್ದ. ಉಚಿತ ಆಟ ಗೆದ್ದಾಗ ದಂಡವೊಂದು ಪೆಟ್ಟಿಗೆಗೇ ಬಲವಾಗಿ ಗುದ್ದುತ್ತಿತ್ತು. ಸದ್ದು ಇಲ್ಲಿ ಅಲಂಕಾರವಲ್ಲ, ಮಾಹಿತಿ ಎಂಬುದನ್ನು ಗಮನಿಸಿ.

ಯಂತ್ರಕ್ಕೆ ಮಾತು ಬಂತು

1970ರ ದಶಕದ ಕೊನೆಗೆ ಪಿನ್‌ಬಾಲ್ ಯಂತ್ರದೊಳಗೆ ಮೈಕ್ರೋಪ್ರೊಸೆಸರ್ ಸೇರಿತು. ಗಂಟೆಯ ಜಾಗಕ್ಕೆ ಧ್ವನಿವರ್ಧಕ ಬಂತು. ವಿಲಿಯಮ್ಸ್ ಸಂಸ್ಥೆಯ ‘ಫ್ಲ್ಯಾಷ್’ ಯಂತ್ರದಲ್ಲಿ ಆಟದುದ್ದಕ್ಕೂ ಹಿನ್ನೆಲೆ ಧ್ವನಿ ಕೇಳುತ್ತಿತ್ತು. 1979ರಲ್ಲಿ ಅದೇ ಸಂಸ್ಥೆ ತಂದ ‘ಗೊರ್ಗಾರ್’ ಮಾತನಾಡಿದ ಮೊದಲ ಪಿನ್‌ಬಾಲ್ ಯಂತ್ರ. ಅದರ ಶಬ್ದಕೋಶದಲ್ಲಿ ಇದ್ದದ್ದು ಏಳೇ ಪದ. ಹಿನ್ನೆಲೆಯಲ್ಲಿ ಎದೆಬಡಿತ, ಆಟ ಮುಂದುವರಿದಂತೆ ಅದರ ವೇಗ ಹೆಚ್ಚುತ್ತಿತ್ತು. 1993ರಲ್ಲಿ ‘ಇಂಡಿಯಾನಾ ಜೋನ್ಸ್’ ಯಂತ್ರದೊಂದಿಗೆ ಬಂದ ಡಿಸಿಎಸ್ ವ್ಯವಸ್ಥೆ, ಮುದ್ರಿತ ಸಂಗೀತ ಮತ್ತು ಮಾತನ್ನು ಸಂಕೋಚಿಸಿ ಚಿಪ್‌ನಲ್ಲಿಟ್ಟು ಆಟದ ಹೊತ್ತಿಗೆ ಬಿಡಿಸಿ ನುಡಿಸತೊಡಗಿತು.

ಅಲ್ಲಿಗೆ ಯಂತ್ರಕ್ಕೆ ಎರಡು ದನಿಗಳಾದವು. ಒಂದು, ಧ್ವನಿವರ್ಧಕದಿಂದ ಬರುವ, ಚಿಪ್‌ನಲ್ಲಿ ಬರೆದಿಟ್ಟ ದನಿ. ಇನ್ನೊಂದು, ಸಾಲಿನಾಯ್ಡ್‌ಗಳ ಬಡಿತ, ರಬ್ಬರಿಗೆ ತಾಗಿದ ಗುಂಡಿನ ಪುಟಿತ, ಮರದ ಮೇಲಿನ ಉರುಳು ಇವೆಲ್ಲ ಸೇರಿದ ಯಂತ್ರದ ಮೈಯ ದನಿ. ಎರಡನೆಯದನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ. ಯಂತ್ರ ಇರುವವರೆಗೆ ಬರೆದಿಡುವ ಅಗತ್ಯವೂ ಕಾಣಲಿಲ್ಲ.

ಕಂಪ್ಯೂಟರಿನ ‘ಟಿಕ್’

ಇತ್ತ ಕಂಪ್ಯೂಟರಿನಲ್ಲಿ ಪಿನ್‌ಬಾಲ್ ಆಡಿಸುವ ಪ್ರಯತ್ನವೂ ನಡೆದಿತ್ತು. ಬಿಲ್ ಬಡ್ಜ್ ಅವರು ಆಪಲ್-2 ಗಣಕಕ್ಕಾಗಿ 1981ರಲ್ಲಿ ‘ರಾಸ್ಟರ್ ಬ್ಲಾಸ್ಟರ್’ ಬರೆದರು. ಆಮೇಲೆ ಬಂದ ಅವರ ‘ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್’ನಲ್ಲಿ ಆಡುವವರೇ ಮೇಜನ್ನು ರಚಿಸಿಕೊಳ್ಳಬಹುದಿತ್ತು. ಆದರೆ ಆಪಲ್-2ರ ಧ್ವನಿ ವ್ಯವಸ್ಥೆ ತೀರ ಸರಳ. ಪ್ರೋಗ್ರಾಂ ಸ್ಮೃತಿಯ ಒಂದು ನಿರ್ದಿಷ್ಟ ವಿಳಾಸವನ್ನು ಮುಟ್ಟಿದಾಗಲೆಲ್ಲ ಧ್ವನಿವರ್ಧಕದ ಪೊರೆ ಒಮ್ಮೆ ಆಚೆ ಅಥವಾ ಈಚೆ ಸರಿದು ‘ಟಿಕ್’ ಎನ್ನುತ್ತದೆ. 440 ಹರ್ಟ್ಸ್‌ನ ಸ್ವರ ಬೇಕೆಂದರೆ ಸೆಕೆಂಡಿಗೆ 880 ಬಾರಿ ಮುಟ್ಟಬೇಕು. ಆ ಹೊತ್ತಿನಲ್ಲಿ ಗುಂಡನ್ನು ಚಲಿಸುವ ಲೆಕ್ಕವನ್ನೂ ಅದೇ ಪ್ರೊಸೆಸರ್ ಮಾಡಬೇಕು! ನಿಜವಾದ ಸದ್ದನ್ನು ಮುದ್ರಿಸಿ ಇಡೋಣವೆಂದರೆ ಜಾಗವಿಲ್ಲ. ಸಿ.ಡಿ. ಗುಣಮಟ್ಟದ ಒಂದು ಸೆಕೆಂಡು ಧ್ವನಿಗೆ 1,76,400 ಬೈಟ್ ಬೇಕು. 48 ಕಿಲೋಬೈಟ್ ಸ್ಮೃತಿಯ ಗಣಕಕ್ಕೆ ಅದು ಮೂರೂವರೆ ಪಟ್ಟಿಗಿಂತಲೂ ಹೆಚ್ಚು.

ಅಮಿಗಾ ಗಣಕದಲ್ಲಿ ಧ್ವನಿಯನ್ನು ನೋಡಿಕೊಳ್ಳುವ ಪ್ರತ್ಯೇಕ ಚಿಪ್ ಇತ್ತು. 8 ಬಿಟ್‌ನ ನಾಲ್ಕು ಧ್ವನಿಗಳನ್ನು ಅದು ಏಕಕಾಲದಲ್ಲಿ ನುಡಿಸಬಲ್ಲದು. 1992ರಲ್ಲಿ ಸ್ವೀಡನ್ನಿನ ಡಿಜಿಟಲ್ ಇಲ್ಯೂಷನ್ಸ್ ತಂಡ ಇದೇ ಗಣಕಕ್ಕೆ ‘ಪಿನ್‌ಬಾಲ್ ಡ್ರೀಮ್ಸ್’ ತಂದಿತು. 1995ರ ‘ಸ್ಪೇಸ್ ಕೆಡೆಟ್’ ಹೊತ್ತಿಗೆ ಮುದ್ರಿತ ಧ್ವನಿಯ ಕಡತಗಳನ್ನು ಬಳಸುವುದು ಸಾಮಾನ್ಯವಾಗಿತ್ತು.

ಯಾರೂ ಬರೆದಿಡದ ದನಿ

1999ರಲ್ಲಿ ವಿಲಿಯಮ್ಸ್ ಸಂಸ್ಥೆ ಪಿನ್‌ಬಾಲ್ ತಯಾರಿಕೆಯನ್ನೇ ನಿಲ್ಲಿಸಿತು. ಹಳೆಯ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವ ಹವ್ಯಾಸಿಗಳ ಕೆಲಸಕ್ಕೆ, ರ‍್ಯಾಂಡಿ ಡೇವಿಸ್ 2000ದಲ್ಲಿ ಹೊರತಂದ ‘ವಿಷುಯಲ್ ಪಿನ್‌ಬಾಲ್’ ತಂತ್ರಾಂಶ ಆಧಾರವಾಯಿತು. ಯಂತ್ರದ ಮೊದಲ ದನಿ ಸುಲಭವಾಗಿ ದಕ್ಕಿತು. ಚಿಪ್‌ನೊಳಗಿನ ಪ್ರೋಗ್ರಾಂ ಓದಿಕೊಂಡು, ಹಳೆಯ ಪ್ರೊಸೆಸರನ್ನು ಅನುಕರಿಸುವ ‘ಪಿನ್‌ಮೇಮ್’ ತಂತ್ರಾಂಶದಲ್ಲಿ ನಡೆಸಿದರೆ ಮೂಲ ಸಂಗೀತವೂ ಮಾತೂ ಹಾಗೆಯೇ ಹೊರಬರುತ್ತವೆ. ಎರಡನೆಯ ದನಿಗೆ ಮಾತ್ರ ಇಂಥ ದಾರಿ ಇರಲಿಲ್ಲ. ಇನ್ನೂ ಕೆಲಸ ಮಾಡುತ್ತಿರುವ ಯಂತ್ರವನ್ನು ಹುಡುಕಿ ಮೈಕ್ ಹಿಡಿಯಬೇಕು.

ಹಿಡಿದರೂ ಸಾಲದು. ಫ್ಲಿಪ್ಪರಿನ ಒಂದೇ ಮುದ್ರಣವನ್ನು ಮತ್ತೆ ಮತ್ತೆ ನುಡಿಸಿದರೆ ಕಿವಿ ತಕ್ಷಣ ಕೃತಕವೆಂದು ಗುರುತಿಸುತ್ತದೆ. ನಿಜವಾದ ಎರಡು ಬಡಿತಗಳು ಎಂದೂ ತದ್ವತ್ ಒಂದೇ ಅಲ್ಲ. ಆದ್ದರಿಂದ ಒಂದು ಬಡಿತಕ್ಕೆ ಹಲವು ಮುದ್ರಣಗಳನ್ನಿಟ್ಟು ಅವುಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸುತ್ತಾರೆ. ಉರುಳುವ ಸದ್ದು ಇನ್ನೂ ಕಠಿಣ. ವಿಷುಯಲ್ ಪಿನ್‌ಬಾಲಿನ ಅನೇಕ ಮೇಜುಗಳಲ್ಲಿ ಬಳಕೆಯಾದ ಸೂತ್ರವೊಂದರಲ್ಲಿ ಸದ್ದಿನ ಪ್ರಮಾಣ ಗುಂಡಿನ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಚಲನಶಕ್ತಿಯೂ ವೇಗದ ವರ್ಗವನ್ನೇ ಅವಲಂಬಿಸಿದೆ ಎಂಬುದನ್ನು ತರಗತಿಯಲ್ಲಿ ನೆನಪಿಸಬಹುದು. ವೇಗದೊಂದಿಗೆ ಸ್ಥಾಯಿಯೂ ಏರುತ್ತದೆ. ಗುಂಡು ಎಡಕ್ಕೆ ಸರಿದರೆ ಸದ್ದೂ ಎಡ ಸ್ಪೀಕರಿಗೆ ಸರಿಯುತ್ತದೆ.

ಕಾಲದ ಲೆಕ್ಕವೂ ಇದೆ. ಕಂಪ್ಯೂಟರ್ ಧ್ವನಿಯನ್ನು ಕಂತುಗಳಲ್ಲಿ ಕಳಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳಿದ್ದು ಒಂದು ಕಂತಿನಲ್ಲಿ 512 ಇದ್ದರೆ, ಆ ಒಂದು ಕಂತಿಗೆ ಸುಮಾರು 11.6 ಮಿಲಿಸೆಕೆಂಡು ಹಿಡಿಯುತ್ತದೆ. ಕಂತುಗಳು ಹೆಚ್ಚಿದಂತೆ ಒತ್ತುಗುಂಡಿಗೂ ಬಡಿತಕ್ಕೂ ನಡುವಿನ ಅಂತರ ಬೆರಳಿಗೆ ತಿಳಿಯತೊಡಗುತ್ತದೆ.

ಕೆಲವು ಹವ್ಯಾಸಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪರದೆಯನ್ನು ಮರದ ಪೆಟ್ಟಿಗೆಯಲ್ಲಿ ಮಲಗಿಸಿ, ಪೆಟ್ಟಿಗೆಯ ಮೂಲೆಗಳಿಗೆ ಕಂಪಕಗಳನ್ನು ಅಂಟಿಸಿದರು. ಈಗ ಧ್ವನಿವರ್ಧಕದ ಪೊರೆಯ ಬದಲು ಮರವೇ ಕಂಪಿಸುತ್ತದೆ. ಇನ್ನು ಕೆಲವರು ಒಳಗೆ ನಿಜವಾದ ಸಾಲಿನಾಯ್ಡನ್ನೇ ಕೂರಿಸಿದರು. 1933ರಲ್ಲಿ ಗಂಟೆ ಬಾರಿಸಿದ ಸುರುಳಿ ಹೀಗೆ ಕಂಪ್ಯೂಟರ್ ಆಟದೊಳಕ್ಕೆ ಮರಳಿ ಬಂತು.

ಮಾಡಿ ನೋಡಿ

ಒಂದು ಪ್ಲೈವುಡ್ ಹಲಗೆಯನ್ನು ಸ್ವಲ್ಪ ಓರೆಯಾಗಿಟ್ಟು ಬೇರಿಂಗಿನ ಉಕ್ಕಿನ ಗುಂಡನ್ನು ಉರುಳಿಸಿ. ಸದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಓರೆಯನ್ನು ಹೆಚ್ಚಿಸಿ ಮತ್ತೆ ಮುದ್ರಿಸಿ. ಉಚಿತವಾಗಿ ಸಿಗುವ ‘ಆಡಾಸಿಟಿ’ ತಂತ್ರಾಂಶದಲ್ಲಿ ಎರಡು ತರಂಗಚಿತ್ರಗಳನ್ನು ಹೋಲಿಸಿ. ಪಾರ (ಆಂಪ್ಲಿಟ್ಯೂಡ್) ಎಷ್ಟು ಬದಲಾಯಿತು? ಹಲಗೆಯ ಕೆಳಗೆ ಬಟ್ಟೆ ಹಾಸಿದರೆ ಏನಾಗುತ್ತದೆ?

ನಿಮ್ಮ ಊರಿನಲ್ಲಿಯೂ ಇಂಥ ಎರಡನೆಯ ದನಿಗಳಿವೆ. ಮಗ್ಗ, ಗಾಣ, ಟೈಪ್‌ರೈಟರ್ ಇವುಗಳ ಚಿತ್ರಗಳು, ವಿವರಣೆಗಳು ಪುಸ್ತಕಗಳಲ್ಲಿ ಸಿಗುತ್ತವೆ. ಸದ್ದು ಸಿಗುವುದು ಅಪರೂಪ. ಕೊನೆಯ ಯಂತ್ರ ನಿಂತ ಮೇಲೆ ಅದನ್ನು ಮುದ್ರಿಸಲು ಸಾಧ್ಯವಿಲ್ಲ. ಅದಕ್ಕೆ ಮುಂಚೆ ವಿದ್ಯಾರ್ಥಿಗಳೊಂದಿಗೆ ಒಮ್ಮೆ ಹೋಗಿ ಕೇಳಿ, ಮುದ್ರಿಸಿ, ದಿನಾಂಕ ಮತ್ತು ಸ್ಥಳವನ್ನು ಬರೆದಿಡಿ.