ಪವರ್ ಸ್ಟೀರಿಂಗ್ ಸೋರಿಕೆ ಮತ್ತು ಅದರ ದುರಸ್ತಿ

ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಪವರ್ ಸ್ಟೀರಿಂಗ್ ಇರುವ ಹಳೆಯ ಕಾರುಗಳಲ್ಲಿ ಪಂಪ್, ಹೋಸ್, ಸ್ಟೀರಿಂಗ್ ರ‍್ಯಾಕ್ ಅಥವಾ ಸ್ಟೀರಿಂಗ್ ಬಾಕ್ಸ್‌ನಿಂದ ಎಣ್ಣೆ ಹೊರಬರುವ ದೋಷ. ಎಂಜಿನ್ ಎಣ್ಣೆ ಅಲ್ಪಸ್ವಲ್ಪ ಉರಿದುಹೋಗುವುದುಂಟು; ಪವರ್ ಸ್ಟೀರಿಂಗ್ ಎಣ್ಣೆ ಹಾಗಲ್ಲ. ಅದು ಮುಚ್ಚಿದ ದಾರಿಯಲ್ಲೇ ಸುತ್ತುತ್ತಿರುತ್ತದೆ. ಆದ್ದರಿಂದ ಎಣ್ಣೆ ತುಂಬುವ ಡಬ್ಬಿಯಲ್ಲಿ ಅದರ ಮಟ್ಟ ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಬೇಕು. ಎಣ್ಣೆ ನೆಲಕ್ಕೆ ತೊಟ್ಟಿಕ್ಕುವ ಜಾಗ ಒಂದು, ಅದು ಹೊರಡುವ ಜಾಗ ಇನ್ನೊಂದು. ಈ ಎರಡನೆಯದನ್ನು ಸರಿಯಾಗಿ ಕಂಡುಹಿಡಿದರೆ ದುರಸ್ತಿಯ ಹೆಚ್ಚಿನ ಪಾಲು ಮುಗಿದಂತೆ.

ಹಿನ್ನೆಲೆ

ಸ್ಟೀರಿಂಗ್ ತಿರುಗಿಸಲು ಎಣ್ಣೆಯ ಒತ್ತಡದ ನೆರವು ಪಡೆಯುವ ವಿಧಾನವನ್ನು ಬಳಕೆಗೆ ಒಗ್ಗುವಂತೆ ರೂಪಿಸಿದವರು ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್. ಪಿಯರ್ಸ್-ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿ ದುಡಿದಿದ್ದ ಅವರು 1926ರಲ್ಲಿ ಅದೇ ಕಂಪನಿಯ ಕಾರಿಗೆ ತಮ್ಮ ಸಾಧನವನ್ನು ಅಳವಡಿಸಿ ತೋರಿಸಿದರು. ವೆಚ್ಚದ ಕಾರಣಕ್ಕೆ ಕಾರು ತಯಾರಕರು ಹಿಂಜರಿದರು. ಎರಡನೆಯ ಮಹಾಯುದ್ಧದ ಸೇನಾ ವಾಹನಗಳಲ್ಲಿ ಅದು ಬಳಕೆಗೆ ಬಂತು. 1951ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಇಂಪೀರಿಯಲ್ ಕಾರಿನಲ್ಲಿ ‘ಹೈಡ್ರಾಗೈಡ್’ ಎಂಬ ಹೆಸರಿನಿಂದ ಅದನ್ನು ಸಾರ್ವಜನಿಕರಿಗೆ ಮಾರಿತು. 1988ರ ಸುಜುಕಿ ಸರ್ವೋ ಕಾರಿನಿಂದ ಆರಂಭವಾದ ವಿದ್ಯುತ್ ಮೋಟಾರಿನ ಪವರ್ ಸ್ಟೀರಿಂಗ್ ಕ್ರಮೇಣ ಎಣ್ಣೆಯ ಪಂಪನ್ನೇ ಬದಿಗೆ ಸರಿಸಿದೆ. ಆದರೂ ಕರ್ನಾಟಕದ ಊರೂರುಗಳ ನಡುವೆ ಇಂದಿಗೂ ಓಡುವ ಟೊಯೊಟಾ ಕ್ವಾಲಿಸ್, ಟಾಟಾ ಸುಮೋ, ಹಳೆಯ ಮಹೀಂದ್ರಾ ಸ್ಕಾರ್ಪಿಯೋಗಳಂಥ ಅನೇಕ ಗಾಡಿಗಳಲ್ಲಿ ಇರುವುದು ಎಣ್ಣೆಯ ವ್ಯವಸ್ಥೆಯೇ.

ರಚನೆ

ಎಂಜಿನ್ನಿನ ಬೆಲ್ಟ್ ಪಂಪನ್ನು ತಿರುಗಿಸುತ್ತದೆ. ಪಂಪ್ ಡಬ್ಬಿಯಿಂದ ಎಣ್ಣೆಯನ್ನು ಎಳೆದು ಒತ್ತಡದ ಹೋಸ್ ಮೂಲಕ ಮುಂದಿನ ಚಕ್ರಗಳನ್ನು ತಿರುಗಿಸುವ ರ‍್ಯಾಕ್‌ಗೆ ನೂಕುತ್ತದೆ. ಸ್ಟೀರಿಂಗ್ ನೇರವಾಗಿದ್ದಾಗ ಎಣ್ಣೆ ಹೆಚ್ಚಿನ ತಡೆಯಿಲ್ಲದೆ ವಾಪಸು ಹೋಸ್‌ನಲ್ಲಿ ಡಬ್ಬಿಗೆ ಮರಳುತ್ತದೆ. ಚಾಲಕ ಸ್ಟೀರಿಂಗ್ ತಿರುಗಿಸಿದೊಡನೆ, ರ‍್ಯಾಕಿನ ಹಲ್ಲುಗಳಿಗೆ ಕೂಡುವ ಗಾಲಿಯಾದ ಪಿನಿಯನ್‌ನೊಳಗಿನ ತೆಳು ಉಕ್ಕಿನ ಕಡ್ಡಿ ತುಸುವೇ ತಿರುಚಿಕೊಳ್ಳುತ್ತದೆ. ಅದರಿಂದ ವಾಲ್ವ್ ತೆರೆದು ಎಣ್ಣೆ ಪಿಸ್ಟನ್ನಿನ ಒಂದು ಬದಿಗೆ ನುಗ್ಗಿ ರ‍್ಯಾಕನ್ನು ಆ ಕಡೆಗೆ ತಳ್ಳುತ್ತದೆ.

ಚಕ್ರವನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ಹಿಡಿದಾಗ ಒತ್ತಡ ಚದರ ಅಂಗುಲಕ್ಕೆ 1000 ಪೌಂಡು ಮೀರುವುದು ಸಾಮಾನ್ಯ. ಕಾರಿನ ಟೈರಿನಲ್ಲಿ ಇರುವುದು ಸುಮಾರು 30 ಪೌಂಡು. ಟೈರಿಗಿಂತ ಮೂವತ್ತು ಪಟ್ಟು ಮೀರಿದ ಈ ಒತ್ತಡವನ್ನು ಬೆರಳಿನಷ್ಟು ದಪ್ಪದ ಹೋಸ್ ಮತ್ತು ಕೆಲವು ರಬ್ಬರ್ ಸೀಲ್‌ಗಳು ತಡೆದು ನಿಲ್ಲಬೇಕು. ವರ್ಷಗಟ್ಟಲೆ ಎಂಜಿನ್ನಿನ ಬಿಸಿ ಕುಡಿದ ರಬ್ಬರ್ ಗಡುಸಾಗಿ ಬಿರಿಯುತ್ತದೆ. ಬದಲಿಸದೆ ಬಿಟ್ಟ ಎಣ್ಣೆಯಲ್ಲಿ ಲೋಹದ ನುಣ್ಣನೆಯ ಪುಡಿ ಸೇರಿ ಸೀಲಿನ ಅಂಚನ್ನು ಸವೆಸುತ್ತದೆ.

ಸೋರುವ ಜಾಗಗಳು

ಡಬ್ಬಿ ಮತ್ತು ವಾಪಸು ಹೋಸ್: ಇಲ್ಲಿ ಒತ್ತಡ ಕಡಿಮೆ. ಕ್ಲಿಪ್ ಸಡಿಲವಾಗಿಯೋ ಹೋಸಿನ ತುದಿ ಬಿರಿದೋ ಪಸೆ ಕಾಣಿಸುತ್ತದೆ.

ಒತ್ತಡದ ಹೋಸ್: ರಬ್ಬರ್ ಮತ್ತು ಲೋಹ ಸೇರುವಲ್ಲಿ ಹಾಕಿದ ಒತ್ತು ಪಟ್ಟಿಯ ಬಳಿ ಮೊದಲು ಜಿನುಗುತ್ತದೆ. ಪಂಪಿಗೆ ಕೂಡುವಲ್ಲಿನ ವಾಷರ್ ಅಥವಾ ಓ-ರಿಂಗ್ ಹಳತಾದರೂ ಹೀಗೇ ಆಗುತ್ತದೆ.

ಪಂಪಿನ ಶಾಫ್ಟ್ ಸೀಲ್: ಪುಲ್ಲಿಯ ಹಿಂಬದಿ ಒದ್ದೆಯಾಗಿ, ಎಣ್ಣೆ ಬೆಲ್ಟಿಗೂ ಸಿಡಿಯುತ್ತದೆ.

ರ‍್ಯಾಕ್‌ನ ತುದಿ ಸೀಲ್‌ಗಳು: ಎಣ್ಣೆ ಮೊದಲು ತುದಿಯನ್ನು ಮುಚ್ಚುವ ರಬ್ಬರ್ ಬೂಟಿನೊಳಗೆ ತುಂಬಿಕೊಳ್ಳುತ್ತದೆ, ಬೂಟು ಹರಿದಾಗಷ್ಟೇ ನೆಲಕ್ಕೆ ಬೀಳುತ್ತದೆ. ಕೆಲವು ರ‍್ಯಾಕ್‌ಗಳಲ್ಲಿ ಎರಡೂ ಬೂಟುಗಳ ನಡುವೆ ಗಾಳಿಯಾಡುವ ಕೊಳವೆ ಇರುವುದರಿಂದ ಎಡಬದಿಯ ಸೀಲ್ ಹೋದರೂ ಬಲಬದಿಯ ಬೂಟಿನಲ್ಲಿ ಎಣ್ಣೆ ಸಿಗಬಹುದು.

ಪಿನಿಯನ್ ಸೀಲ್: ಸ್ಟೀರಿಂಗ್ ಕಂಬಿ ರ‍್ಯಾಕ್‌ಗೆ ಇಳಿಯುವ ಜಾಗ. ಕೆಲವು ಕಾರುಗಳಲ್ಲಿ ಇಲ್ಲಿನ ಎಣ್ಣೆ ಚಾಲಕನ ಕಾಲಡಿಯ ಮ್ಯಾಟಿನವರೆಗೂ ಬರುತ್ತದೆ.

ಹೊರಗೆ ಹನಿಯೂ ಬೀಳದ ಸೋರಿಕೆಗಳೂ ಇವೆ. ಪಂಪ್ ಎಣ್ಣೆ ಎಳೆದುಕೊಳ್ಳುವ ಬದಿಯ ಓ-ರಿಂಗ್ ಗಡುಸಾದರೆ ಎಣ್ಣೆ ಹೊರಬರುವ ಬದಲು ಗಾಳಿ ಒಳಹೋಗುತ್ತದೆ: ಡಬ್ಬಿಯಲ್ಲಿ ನೊರೆ, ಪಂಪಿನಲ್ಲಿ ನರಳಾಟ. 2000ದ ದಶಕದ ಹಲವು ಹೋಂಡಾ ಕಾರುಗಳಲ್ಲಿ ಈ ಪುಟ್ಟ ಉಂಗುರ ಬದಲಿಸಿದೊಡನೆ ಸದ್ದು ನಿಂತದ್ದನ್ನು ಮೆಕ್ಯಾನಿಕ್‌ಗಳು ಚೆನ್ನಾಗಿ ಬಲ್ಲರು. 1980ರ ದಶಕದ ಹಲವು ಜನರಲ್ ಮೋಟರ್ಸ್ ಕಾರುಗಳಲ್ಲಿ ವಾಲ್ವಿನ ಟೆಫ್ಲಾನ್ ಉಂಗುರಗಳು ಅಲ್ಯೂಮಿನಿಯಂ ಕವಚದಲ್ಲಿ ತೋಡು ಕೊರೆದು ಎಣ್ಣೆ ಒಳಗೊಳಗೇ ದಾರಿ ತಪ್ಪುತ್ತಿತ್ತು. ಬೆಳಗಿನ ಚಳಿಯಲ್ಲಿ ಬಿಗಿಯಾಗಿರುತ್ತಿದ್ದ ಸ್ಟೀರಿಂಗ್ ಬಿಸಿಯೇರಿದ ಮೇಲೆ ಹಗುರಾಗುತ್ತಿತ್ತು.

ಪತ್ತೆ

ಗುರುತ್ವ ಎಣ್ಣೆಯನ್ನು ಕೆಳಕ್ಕೆ ಎಳೆಯುತ್ತದೆ, ಓಡುವಾಗಿನ ಗಾಳಿ ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಹುಡುಕಬೇಕಾದದ್ದು ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವ, ಎಲ್ಲಕ್ಕಿಂತ ಮುಂದಿರುವ ಜಾಗವನ್ನು. ಮೊದಲು ಪಂಪ್, ಹೋಸ್, ರ‍್ಯಾಕ್‌ಗಳ ಜಿಡ್ಡು ತೊಳೆದು ಒಣಗಿಸಬೇಕು. ಡಬ್ಬಿಯಲ್ಲಿ ಗುರುತಿನವರೆಗೆ ಎಣ್ಣೆ ತುಂಬಿ ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೀರಿಂಗನ್ನು ನಿಧಾನವಾಗಿ ಆಚೀಚೆ ತಿರುಗಿಸುತ್ತಿರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಸಣ್ಣಗೆ ಜಿನುಗುವ ಸೋರಿಕೆಗೆ ಎಣ್ಣೆಯಲ್ಲಿ ಹೊಳೆಯುವ ಬಣ್ಣ ಬೆರೆಸಿ, ಒಂದೆರಡು ದಿನ ಓಡಿಸಿ, ನೇರಳಾತೀತ ದೀಪದಲ್ಲಿ ಪರೀಕ್ಷಿಸುತ್ತಾರೆ. ಬೂಟುಗಳನ್ನು ಕೈಯಿಂದ ಹಿಸುಕಿ ನೋಡಿದರೆ ಒಳಗೆ ಎಣ್ಣೆ ಇರುವುದು ತಿಳಿಯುತ್ತದೆ.

ಎಂಜಿನ್ ಓಡುತ್ತಿರುವಾಗ ಒತ್ತಡದ ಹೋಸನ್ನು ಬೆರಳಿನಿಂದ ಸವರಿ ಸೋರಿಕೆ ಹುಡುಕಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಸೇರಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಟ್ಟಿನ ಚೂರು ಹಿಡಿದು ಅದರ ಮೇಲೆ ಬೀಳುವ ಗೆರೆ ನೋಡುವುದು ಸುರಕ್ಷಿತ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹತ್ತುವ ಅಪಾಯವೂ ಇದೆ.

ದುರಸ್ತಿ

ವಾಪಸು ಹೋಸ್ ಬದಲಿಸುವುದು ಸುಲಭ, ಆದರೆ ಎಣ್ಣೆಗೆ ತಡೆಯುವ ಹೋಸನ್ನೇ ಹಾಕಬೇಕು. ರೇಡಿಯೇಟರಿನ ನೀರಿನ ಹೋಸ್ ಎಣ್ಣೆಯಲ್ಲಿ ಉಬ್ಬಿ ಹಾಳಾಗುತ್ತದೆ. ಒತ್ತಡದ ಹೋಸನ್ನು ಕತ್ತರಿಸಿ ಕ್ಲಿಪ್ ಹಾಕಿ ಜೋಡಿಸುವುದಂತೂ ಅಪಾಯದ ಕೆಲಸ. ಕಂಪನಿಯ ಹೋಸ್ ಸಿಗದ ಹಳೆಯ ಕಾರುಗಳಿಗೆ, ಜೆಸಿಬಿ ಮತ್ತು ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಗಳಲ್ಲಿ ಹಳೆಯ ತುದಿಗಳಿಗೆ ಹೊಸ ಹೋಸ್ ಒತ್ತಿಸಿಕೊಳ್ಳಬಹುದು. ಜೋಡಿಸುವಾಗ ತಾಮ್ರದ ವಾಷರುಗಳನ್ನು ಹೊಸದಾಗಿಯೇ ಹಾಕಬೇಕು.

ಪಂಪಿನ ಸೀಲ್ ಬದಲಿಸಲು ಪುಲ್ಲಿ ಕಳಚಬೇಕು. ಅದಕ್ಕೆ ಪುಲ್ಲರ್ ಬಳಸಬೇಕೇ ಹೊರತು ಸುತ್ತಿಗೆಯಲ್ಲ. ಏಟಿಗೆ ಪಂಪಿನ ಒಳಭಾಗ ಕೆಡುತ್ತದೆ. ಹಳೆಯ ಸೀಲ್ ತೆಗೆದ ಮೇಲೆ ಶಾಫ್ಟಿನ ಮೇಲೆ ಉಗುರು ಎಳೆದು ನೋಡಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಹೆಚ್ಚು ದಿನ ಬಾಳದು, ಪಂಪನ್ನೇ ಬದಲಿಸುವುದು ಲೇಸು.

ಎಲ್ಲಕ್ಕಿಂತ ದೊಡ್ಡ ಕೆಲಸ ರ‍್ಯಾಕ್‌ನದು. ಬಿಚ್ಚುವ ಮುನ್ನ ಚಕ್ರಗಳನ್ನು ನೇರವಾಗಿಟ್ಟು ಸ್ಟೀರಿಂಗ್ ಅಲುಗದಂತೆ ಕಟ್ಟಬೇಕು. ಕಂಬಿ ಮತ್ತು ಪಿನಿಯನ್ ಸೇರುವಲ್ಲಿ ಗುರುತು ಹಾಕಬೇಕು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕಂಬಿ ಬಿಚ್ಚಿದ ಮೇಲೆ ಸ್ಟೀರಿಂಗ್ ಗಿರಕಿ ಹೊಡೆದರೆ ಒಳಗಿನ ಸುರುಳಿ ತಂತಿ ತುಂಡಾಗುತ್ತದೆ. ಚಕ್ರಗಳಿಗೆ ಸೇರುವ ಟೈ ರಾಡ್ ತುದಿಗಳನ್ನು ಎಷ್ಟು ಸುತ್ತು ತಿರುಗಿಸಿ ತೆಗೆದೆವೆಂದು ಬರೆದಿಟ್ಟುಕೊಂಡರೆ ಮರುಜೋಡಣೆ ಸುಲಭ. ಕಾರಿನಡಿ ಹೋಗುವಾಗ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಲೇಬೇಕು.

ಸೀಲ್ ಕಿಟ್ ತಂದು ರ‍್ಯಾಕ್ ಸರಿಪಡಿಸುವುದೋ ಹೊಸ ರ‍್ಯಾಕ್ ಹಾಕುವುದೋ ಎಂಬುದನ್ನು ನಿರ್ಧರಿಸುವುದು ರ‍್ಯಾಕ್‌ನೊಳಗಿನ ಉಕ್ಕಿನ ದಂಡದ ಮೈ. ಹರಿದ ಬೂಟನ್ನು ನಿರ್ಲಕ್ಷಿಸಿದರೆ ಮಳೆನೀರು, ಧೂಳು ಒಳಸೇರಿ ದಂಡ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಕುಳಿಗಳು ಪ್ರತಿ ತಿರುವಿನಲ್ಲೂ ಹೊಸ ಸೀಲನ್ನು ಕೆತ್ತುತ್ತವೆ. ಸೀಲ್ ಬದಲಿಸಿದ ರ‍್ಯಾಕ್ ಕೆಲವೇ ತಿಂಗಳಲ್ಲಿ ಮತ್ತೆ ಸೋರಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ದಂಡ ಕನ್ನಡಿಯಂತೆ ನುಣುಪಾಗಿದ್ದರೆ ಮಾತ್ರ ಸೀಲಿನ ಖರ್ಚು ಸಾರ್ಥಕ. ರ‍್ಯಾಕ್ ಕೂರಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ, ಇಲ್ಲವಾದರೆ ಹೊಸ ಟೈರುಗಳೂ ಬೇಗ ಸವೆಯುತ್ತವೆ.

ಎಣ್ಣೆಯ ಆಯ್ಕೆ ಮತ್ತು ಗಾಳಿ ತೆಗೆಯುವುದು

ಎಲ್ಲ ಕಾರಿಗೂ ಒಂದೇ ಎಣ್ಣೆಯಲ್ಲ. ಹಲವು ಹಳೆಯ ಕಾರುಗಳು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಣ್ಣೆ ಬಳಸುತ್ತವೆ. ಕೆಲವು ಯುರೋಪಿನ ಕಾರುಗಳಿಗೆ ಹಸಿರು ಬಣ್ಣದ ಸಿಂಥೆಟಿಕ್ ಎಣ್ಣೆ ಬೇಕು. ಹೋಂಡಾ ಕಾರುಗಳಿಗೆ ಕಂಪನಿ ತನ್ನದೇ ಎಣ್ಣೆಯನ್ನು ಸೂಚಿಸುತ್ತದೆ. ಡಬ್ಬಿಯ ಮುಚ್ಚಳದಲ್ಲಿ ಅಥವಾ ಕೈಪಿಡಿಯಲ್ಲಿ ಬರೆದದ್ದೇ ಪ್ರಮಾಣ. ಬ್ರೇಕ್ ಎಣ್ಣೆಯನ್ನು ಎಂದೂ ಹಾಕಬಾರದು. ಅದು ಈ ಸೀಲ್‌ಗಳನ್ನು ಉಬ್ಬಿಸಿ ಕೊಳೆಸುತ್ತದೆ.

ದುರಸ್ತಿಯ ನಂತರ ಒಳಸೇರಿದ ಗಾಳಿ ತೆಗೆಯಬೇಕು. ಮುಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ, ಎಂಜಿನ್ ಬಂದ್ ಇರುವಾಗಲೇ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತಿಪ್ಪತ್ತು ಬಾರಿ ನಿಧಾನವಾಗಿ ತಿರುಗಿಸುತ್ತಾರೆ. ಗುಳ್ಳೆ ಏಳುವುದು ನಿಲ್ಲುವವರೆಗೆ ಮಟ್ಟ ಸರಿಪಡಿಸಿಕೊಳ್ಳುತ್ತ ಹೋಗಿ, ಆಮೇಲೆ ಎಂಜಿನ್ ಚಾಲೂ ಮಾಡಿ ಅದನ್ನೇ ಮುಂದುವರಿಸುತ್ತಾರೆ. ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಬಾರದು. ಎಣ್ಣೆ ಕಾದು ಪಂಪಿಗೆ ಪೆಟ್ಟಾಗುತ್ತದೆ.

ತಾತ್ಕಾಲಿಕ ಉಪಾಯಗಳು

ಸೋರಿಕೆ ನಿಲ್ಲಿಸುವುದೆಂದು ಮಾರುವ ದ್ರವಗಳು ಗಡುಸಾದ ರಬ್ಬರನ್ನು ಮೆದುಗೊಳಿಸಿ ಉಬ್ಬಿಸುತ್ತವೆ. ಸಣ್ಣ ಜಿನುಗನ್ನು ಅವು ಕೆಲಕಾಲ ತಡೆಯಬಹುದು. ಬಿರಿದ ಹೋಸ್, ಗೀರು ಬಿದ್ದ ಶಾಫ್ಟ್, ತುಕ್ಕು ತಿಂದ ದಂಡಕ್ಕೆ ಅವುಗಳಿಂದ ಪ್ರಯೋಜನವಿಲ್ಲ. ಎಣ್ಣೆ ಪೂರ್ತಿ ಖಾಲಿಯಾದರೂ ಚಕ್ರ ಮತ್ತು ಸ್ಟೀರಿಂಗಿನ ಲೋಹದ ಕೊಂಡಿ ಉಳಿದಿರುವುದರಿಂದ ಕಾರು ತಿರುಗುತ್ತದೆ, ಆದರೆ ಕೈಗೆ ಬಹಳ ಭಾರ. ಒಣ ಪಂಪನ್ನು ಓಡಿಸಿದರೆ ಅದು ಬೇಗನೆ ಕೆಟ್ಟು, ಅದರ ಲೋಹದ ಪುಡಿ ರ‍್ಯಾಕ್‌ಗೂ ಹೋಗುತ್ತದೆ. ಅಗ್ಗದ ಸೀಲಿನ ಅಸಡ್ಡೆ ಪಂಪು, ರ‍್ಯಾಕ್ ಎರಡನ್ನೂ ಕಳೆಯುವುದು ಹೀಗೆ.

ಬಸಿದ ಹಳೆಯ ಎಣ್ಣೆಯನ್ನು ಚರಂಡಿಗೋ ಮಣ್ಣಿಗೋ ಸುರಿಯದೆ, ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಕೊಡಬೇಕು. ಕೆಲಸ ಮುಗಿದ ಮರುದಿನ ಮತ್ತು ಒಂದು ವಾರದ ನಂತರ, ಎಂಜಿನ್ ಒಂದೇ ಬಗೆಯ ಬಿಸಿಯಲ್ಲಿದ್ದಾಗ, ಡಬ್ಬಿಯ ಮಟ್ಟ ನೋಡಬೇಕು. ಅದು ಗುರುತಿನಿಂದ ಕದಲದಿದ್ದರೆ ದುರಸ್ತಿ ಫಲಿಸಿದೆ ಎಂದರ್ಥ.