ಹಸಿ ಆಹಾರ: ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯಲ್ಲಿ

ಒಲೆಗೆ ಏರಿಸದೆ ತಿನ್ನುವ ಸೊಪ್ಪು, ಕಾಯಿ, ಹಣ್ಣು, ನೆನೆಸಿದ ಕಾಳು, ಜೇನು, ಕೀಟ, ಮಾಂಸ ಇವೆಲ್ಲ ಹಸಿ ಆಹಾರ. ಇವನ್ನೇ ಮೂರು ಹೊತ್ತಿನ ಊಟವಾಗಿ ಮಾಡಿಕೊಳ್ಳುವ ಪಥ್ಯ ಕಾಫಿ ಸೀಮೆಯದಲ್ಲ. 20ನೇ ಶತಮಾನದಲ್ಲಿ ಹೊರಗಿನಿಂದ ಬಂದದ್ದು. ಇಲ್ಲಿಯವರಿಗೆ ಗೊತ್ತಿದ್ದದ್ದು ಬೇರೆ: ಯಾವುದನ್ನು ಹಸಿಯಾಗಿ ತಿನ್ನಬಹುದು, ಯಾವುದನ್ನು ನೀರಲ್ಲಿ ಮುಳುಗಿಸಬೇಕು, ಯಾವುದಕ್ಕೆ ಹುಳಿ ಬೇಕು, ಯಾವುದನ್ನು ಬೇಯಿಸದೆ ಬಾಯಿಗಿಡಬಾರದು ಎಂಬ ಒಂದೊಂದೇ ಪದಾರ್ಥದ ಲೆಕ್ಕ. ಆ ಲೆಕ್ಕದಲ್ಲಿ ಸೊಪ್ಪು ಎರಡೂ ಕಡೆ ಹಂಚಿಹೋಗಿದೆ. ಮಾಂಸ ಮಾತ್ರ ಹೆಚ್ಚುಕಡಿಮೆ ಪೂರ್ತಿ ಬೆಂಕಿಯ ಪಾಲು.

ಕಳಲೆಯಿಂದ ಶುರು ಮಾಡಬಹುದು. ಮಳೆ ಹಿಡಿದ ಮೇಲೆ ಬಿದಿರುಮೆಳೆಯ ಬುಡದಲ್ಲಿ ಏಳುವ ಈ ಮೊಳಕೆ ನೋಡಲು ಎಳೆಯದಾದರೂ ಹಸಿಯಾಗಿ ತಿನ್ನುವ ವಸ್ತುವಲ್ಲ. ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲಷ್ಟೇ ಪಲ್ಯಕ್ಕೋ ಹುಳಿಗೋ ಹಾಕುತ್ತಾರೆ. ಕೆಸುವಿನ ಎಲೆಯೂ ಹೀಗೆಯೇ. ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ನಾಲಿಗೆ ಗಂಟಲು ಕೆರೆಯುತ್ತವೆ. ಹುಳಿ ಬೆರೆಸಿ ಚೆನ್ನಾಗಿ ಬೇಯಿಸದೆ ಪತ್ರೊಡೆಯಿಲ್ಲ. ಮರಗೆಣಸಿನಲ್ಲೂ ಸಯನೈಡಿನ ಕಾಟವಿದೆ. ಹಸಿಯಾದದ್ದೆಲ್ಲ ಸಹಜ, ಸಹಜವಾದದ್ದೆಲ್ಲ ಹಿತ ಎಂಬ ಈಚಿನ ವಾದ ಕಳಲೆಯ ಮುಂದೆ ನಿಲ್ಲುವುದಿಲ್ಲ.

ಇನ್ನೊಂದು ಕಡೆ ತಂಬುಳಿಗಳ ದೊಡ್ಡ ಸಂಸಾರವಿದೆ. ಗದ್ದೆಯ ಬದುವಿನಲ್ಲಿ, ಬಚ್ಚಲ ನೀರು ಹರಿಯುವಲ್ಲಿ ಬೆಳೆಯುವ ಒಂದೆಲಗವನ್ನು ಬೇರು ಸಮೇತ ಕಿತ್ತು, ಮಣ್ಣು ಹೋಗುವ ತನಕ ತೊಳೆದು, ತೆಂಗಿನತುರಿ, ಜೀರಿಗೆ, ಒಂದೆರಡು ಕಾಳುಮೆಣಸಿನೊಂದಿಗೆ ಹಸಿಯಾಗಿಯೇ ಅರೆದು ಮಜ್ಜಿಗೆಗೆ ಕಲಸಿದರೆ ತಂಬುಳಿ ಆಯಿತು. ದೊಡ್ಡಪತ್ರೆಯಂಥ ಘಾಟಿನ ಎಲೆಯನ್ನು ತುಪ್ಪದಲ್ಲಿ ಬಾಡಿಸಿ ಹಾಕುವವರೇ ಹೆಚ್ಚು. ಊಟದ ಮೊದಲ ತುತ್ತಿಗೆ ಇದನ್ನು ಕಲಸಿಕೊಳ್ಳುವುದು ರೂಢಿ. ಬೇಸಿಗೆಯಲ್ಲಿ ತಂಬುಳಿಗೆ ಬೆಲೆ ಜಾಸ್ತಿ. ಜಡಿಮಳೆಯ ಮೂರು ತಿಂಗಳು ಹಸಿಯದೆಲ್ಲ ‘ಶೀತ’ ಎಂದು ದೂರವಿಟ್ಟು ಕಾಳುಮೆಣಸಿನ ಸಾರಿನ ಕಡೆ ತಿರುಗುವವರೇ ಬಹಳ. ಬಾಣಂತಿಗಂತೂ ಹಸಿಯದು ವರ್ಜ್ಯ. ರಾಮನವಮಿಯ ಕೋಸಂಬರಿ, ಉಪ್ಪಿನಲ್ಲಿ ಮುಳುಗಿದ ಅಪ್ಪೆಮಿಡಿ, ಕಾಡಿನ ನೇರಳೆ, ಕೌಳಿ, ಸಂಪಿಗೆ ಹಣ್ಣುಗಳೂ ಈ ಸಾಲಿನವೇ. ದಿನಕ್ಕೆ ಹಲವು ಸಲ ಹಸಿಯಾಗಿ ಅಗಿಯುವ ಎಲೆ ಯಾವುದೆಂದು ಲೆಕ್ಕ ಹಿಡಿದರೆ ವೀಳ್ಯದೆಲೆಯೇ ಗೆಲ್ಲುತ್ತದೇನೋ; ಅದನ್ನು ಯಾರೂ ಆಹಾರವೆನ್ನುವುದಿಲ್ಲ, ಅಷ್ಟೆ.

ಹಸಿಯದನ್ನು ತಿನ್ನುವುದೇ ತಪ್ಪೆಂಬ ಬಲವಾದ ವಿಚಾರವೂ ಇದೇ ಬೆಟ್ಟಗಳಲ್ಲಿ ಶತಮಾನಗಳ ಕಾಲ ಬಾಳಿತು. ಹೊಯ್ಸಳರ ಮೂಲಸ್ಥಾನವೆನ್ನುವ, ಹಿಂದೆ ಸೊಸೆವೂರಾಗಿದ್ದ ಅಂಗಡಿ ಗ್ರಾಮ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಅಲ್ಲಿ ಹಳೆಯ ಜೈನ ಬಸದಿಗಳಿವೆ. ಕಳಸವನ್ನು ಆಳಿದ ಭೈರರಸರೂ ಜೈನರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು ಅದೇ ಮನೆತನದ ವೀರಪಾಂಡ್ಯ. ಜೈನ ಶ್ರಾವಕ, ಅಂದರೆ ಗೃಹಸ್ಥ, ಏರಬೇಕಾದ 11 ಪ್ರತಿಮೆಗಳಲ್ಲಿ, ಅಂದರೆ ವ್ರತದ ಹಂತಗಳಲ್ಲಿ, ಐದನೆಯದು ಸಚಿತ್ತತ್ಯಾಗ. ಜೀವವಿರುವ ಹಸಿ ಗೆಡ್ಡೆ, ಬೇರು, ಚಿಗುರು, ಎಲೆ, ಕಾಯಿಗಳನ್ನು ಹಾಗೆಯೇ ತಿನ್ನದಿರುವುದು ಅದರ ನಿಯಮ. ಮಾಂಸ, ಮದ್ಯಗಳ ಜತೆಗೆ ಜೇನನ್ನೂ ಬಿಡಬೇಕು. ಇಂದಿನ ಹಸಿ ಆಹಾರದವರು ಸೊಪ್ಪಿನಲ್ಲಿ ಜೀವವಿದೆಯೆಂದೇ ಅದನ್ನು ತಿನ್ನಿರಿ ಎನ್ನುತ್ತಾರೆ. ಜೀವವಿದೆಯೆಂದೇ ತಿನ್ನಬೇಡಿ ಎಂದಿದ್ದರು ಬಸದಿಯ ಮುನಿಗಳು.

ಜಾತಿಯ ಗೆರೆಯೂ ಬೆಂದದ್ದು ಬೇಯದ್ದರ ನಡುವೆಯೇ ಹಾದುಹೋಗಿತ್ತು. ಬೆಂದ ಅನ್ನ ಮುಸುರೆ. ಅದನ್ನು ಯಾರ ಮನೆಯಲ್ಲಿ ಉಣ್ಣಬಹುದು, ಯಾರ ಕೈಯಿಂದ ತೆಗೆದುಕೊಳ್ಳಬಹುದು ಎಂಬುದಕ್ಕೆ ಬಿಗಿ ಕಟ್ಟಳೆಗಳಿದ್ದವು. ಹಣ್ಣು, ಎಳನೀರು, ತೆಂಗಿನಕಾಯಿ, ಅಕ್ಕಿಬೇಳೆಗಳಿಗೆ ಆ ಬಿಗಿ ಇರಲಿಲ್ಲ. ಆದ್ದರಿಂದಲೇ ಮಡಿವಂತ ಅತಿಥಿಗೆ ಒಕ್ಕಲಿಗರ ಮನೆಯಲ್ಲಿ ಬಾಳೆಹಣ್ಣು, ಎಳನೀರಿನ ಉಪಚಾರ. ಬ್ರಾಹ್ಮಣನಿಗೆ ದಾನ ಕೊಡುವಾಗ ಬೇಯಿಸದ ಅಕ್ಕಿ, ಬೇಳೆ, ತರಕಾರಿ. ಆಳುಗಳಿಗೆ ಕೂಲಿಯಾಗಿ ಅಳೆದುಕೊಡುತ್ತಿದ್ದ ಪಡಿಯೂ ಬೇಯದ ಧಾನ್ಯವೇ. ಹೀಗೆ ಹಸಿಯದಕ್ಕೆ ಸಿಕ್ಕಿದ್ದ ಮರ್ಯಾದೆಗೆ ಆರೋಗ್ಯ ಕಾರಣವಲ್ಲ, ಮೈಲಿಗೆಯ ಭಯ ಕಾರಣ.

ಮಾಂಸದ ಚರಿತ್ರೆ ಬೇರೆಯದೇ. ಹಂದಿ, ಕೋಳಿ, ಹೊಳೆಮೀನು, ಗದ್ದೆಯ ಏಡಿ ಎಲ್ಲವೂ ಬೆಂದೇ ತಟ್ಟೆಗೆ ಬರುತ್ತವೆ. ಹಸಿ ಮಾಂಸಕ್ಕೆ ಅತಿ ಹತ್ತಿರ ಬರುವುದು ಉಪ್ಪುಕಂಡ: ಉಪ್ಪು, ಅರಿಸಿನ ಸವರಿದ ತುಂಡುಗಳನ್ನು ದಾರಕ್ಕೆ ಪೋಣಿಸಿ ಬಿಸಿಲಿಗೋ ಒಲೆಯ ಹೊಗೆಗೋ ನೇತುಹಾಕಿ ಒಣಗಿಸಿದ್ದು. ಅದನ್ನೂ ತಿನ್ನುವಾಗ ಕೆಂಡದಲ್ಲಿ ಸುಡುತ್ತಾರೆ, ಇಲ್ಲವೆ ಸಾರಿಗೆ ಹಾಕುತ್ತಾರೆ. ಶಿಕಾರಿಯ ಮಾಂಸಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೆರೆ ಎಳೆಯಿತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾದ ಮೇಲೆ ಕಳಸದ ಸುತ್ತಿನ ಕಾಡಿನ ಕಟ್ಟಳೆ ಇನ್ನೂ ಬಿಗಿಯಾಯಿತು.

ಹಸಿಯಾಗಿ ಅಥವಾ ಅರೆಹಸಿಯಾಗಿ ತಿನ್ನುವ ಪ್ರಾಣಿಮೂಲದ ಪದಾರ್ಥವೆಂದರೆ ಇಲ್ಲಿ ಮುಖ್ಯವಾಗಿ ಎರಡು, ಚಗಳಿ ಮತ್ತು ಜೇನು. ಚಗಳಿಯೆಂಬ ಕೆಂಪಿರುವೆ ಮರದ ಮೇಲೆ ಹಸಿ ಎಲೆಗಳನ್ನು ಎಳೆದು ಸೇರಿಸಿ, ತನ್ನ ಮರಿಹುಳುಗಳು ಬಿಡುವ ನೂಲಿನಿಂದ ಹೊಲಿದು ಗೂಡು ಕಟ್ಟುತ್ತದೆ. ಕಾಫಿ ಹಣ್ಣು ಕುಯ್ಯುವವರಿಗೆ ಇದು ಪರಮಶತ್ರು: ರೆಂಬೆ ಬಗ್ಗಿಸಿದ ಕೂಡಲೇ ಕುತ್ತಿಗೆ, ತೋಳಿಗೆ ಇಳಿದು ಕಚ್ಚಿ ಹಿಡಿಯುತ್ತದೆ. ಗಿಡದ ರಸ ಹೀರುವ ಕೀಟಗಳ ಸಿಹಿಸ್ರಾವಕ್ಕಾಗಿ ಅವನ್ನು ಕಾಯುವುದರಿಂದ ತೋಟದ ಯಜಮಾನರಿಗೂ ಬೇಡ. ಬೆಳಗಿನ ಚಳಿಗೆ ಇರುವೆಗಳು ಮಂಕಾಗಿರುವಾಗ ಗೂಡನ್ನು ಕತ್ತರಿಸಿ ಪಾತ್ರೆಗೋ ಚೀಲಕ್ಕೋ ಕೊಡವಿ, ಎಲೆ ಕಸ ಆರಿಸಿ, ಮೊಟ್ಟೆಮರಿಗಳ ಸಮೇತ ಉಪ್ಪು, ಬೆಳ್ಳುಳ್ಳಿ, ಸೂಜಿಮೆಣಸು, ಕಾಯಿತುರಿಯೊಂದಿಗೆ ಅರೆದರೆ ಚಟ್ನಿ. ಕಾವಲಿಯಲ್ಲಿ ಒಂದು ಸುತ್ತು ಹುರಿದು ಅರೆಯುವವರೂ ಇದ್ದಾರೆ, ಹಸಿಯದೇ ರುಚಿ ಎನ್ನುವವರೂ ಇದ್ದಾರೆ. ಇದಕ್ಕೆ ಹುಣಸೆಹಣ್ಣು ಬೇಡ, ಇರುವೆಯ ಫಾರ್ಮಿಕ್ ಆಮ್ಲವೇ ಹುಳಿ. ಅಕ್ಕಿರೊಟ್ಟಿಗೆ ಜೋಡಿ, ನೆಗಡಿ ಕೆಮ್ಮಿಗೆ ಮದ್ದೆಂಬ ನಂಬಿಕೆಯೂ ಉಂಟು. ಒಡಿಶಾದ ಮಯೂರ್‌ಭಂಜ್‌ನ ಇದೇ ಇರುವೆಯ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತು. ಮಲೆನಾಡಿನದು ಮನೆಯೊಳಗೇ ಉಳಿದಿದೆ.

ಜೇನು ಇಲ್ಲಿನ ಮಲೆಕುಡಿಯ ಬುಡಕಟ್ಟಿನವರ ಹಳೆಯ ಕಸುಬು. ಹೂಮಳೆ ಬಿದ್ದು ಕಾಫಿ ಅರಳಿದ ಮೇಲೆ ಪೆಟ್ಟಿಗೆ, ಪೊಟರೆ, ಮರದ ತುದಿಗಳಲ್ಲಿ ತುಪ್ಪ ತುಂಬುತ್ತದೆ. ಹುಟ್ಟನ್ನು ಮುರಿದ ಜಾಗದಲ್ಲೇ ಮೇಣ ಸಮೇತ ಅಗಿಯುವುದು, ಕೆಲವರು ಮರಿಯಿರುವ ಹುಟ್ಟನ್ನೂ ಬಿಡದಿರುವುದು ಕಾಡಿನ ಬಳಕೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಶುರುವಾಗುವುದು ಜೇನಿನಿಂದಲೇ. 1991-92ರ ಸುಮಾರಿಗೆ ಬಂದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನನ್ನು ಬಹುಪಾಲು ಅಳಿಸಿತು. ತೋಟತೋಟದಲ್ಲಿದ್ದ ಪೆಟ್ಟಿಗೆಗಳು ಖಾಲಿಯಾದವು.

ಹಸಿ ಆಹಾರ ಒಂದು ಪಥ್ಯವಾಗಿ ಕನ್ನಡ ನಾಡಿಗೆ ಬಂದದ್ದು ಪ್ರಕೃತಿ ಚಿಕಿತ್ಸೆಯ ದಾರಿಯಲ್ಲಿ. ಗಾಂಧೀಜಿ 1893ರಲ್ಲಿ ಪ್ರಿಟೋರಿಯಾದಲ್ಲಿ ಒಮ್ಮೆ ಬೇಯಿಸದ ಆಹಾರದ ಪ್ರಯೋಗ ಮಾಡಿ ಬಿಟ್ಟಿದ್ದರು. 1929ರಲ್ಲಿ ಮತ್ತೆ ಮೊಳಕೆ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆ, ಜೇನಿನ ಮೇಲೆ ಕೆಲವು ತಿಂಗಳು ಕಳೆದು, ‘ಯಂಗ್ ಇಂಡಿಯಾ’ದಲ್ಲಿ ಅದರ ವರದಿ ಬರೆದರು. ಹೊಟ್ಟೆ ಕೆಟ್ಟು ಆಮಶಂಕೆಯಾದಾಗ ಕೈಬಿಟ್ಟರು, ಅದನ್ನೂ ಬರೆದರು. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಉಜಿರೆಯಲ್ಲಿ 1989ರಲ್ಲಿ ಧರ್ಮಸ್ಥಳದ ಸಂಸ್ಥೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಕಾಲೇಜು ತೆರೆಯಿತು. ಪ್ರಕೃತಿ ಚಿಕಿತ್ಸೆಯವರ ಹಸಿ ತರಕಾರಿ, ಮೊಳಕೆ ಕಾಳು, ಹಣ್ಣಿನ ರಸದ ಪಥ್ಯ ಮಲೆನಾಡಿನ ಮನೆಗಳಿಗೂ ಹತ್ತಿರವಾಯಿತು. ಆ ಪಥ್ಯದಲ್ಲಿ ಮಾಂಸಕ್ಕೆ ಜಾಗವಿಲ್ಲ.

ಸೊಪ್ಪಿನ ಜತೆ ಹಸಿ ಮಾಂಸವನ್ನೂ ತಿನ್ನುವ ಪಂಥ ಯುರೋಪ್, ಅಮೆರಿಕಗಳದು. ಗಿ ಕ್ಲೋದ್ ಬ್ಯುರ್ಜೆ 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, ಏಜೋನಸ್ ವಾಂಡರ್‌ಪ್ಲಾನಿಟ್ಜ್ ಆಮೇಲೆ ಅಮೆರಿಕದಲ್ಲಿ ಇದನ್ನು ಬೋಧಿಸಿದರು. ಬರೀ ಹಸಿಯದರ ಮೇಲೆ ಬದುಕಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯಲ್ಲಿ 513 ಜನರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ ಒಳ್ಳೆಯ ಉತ್ತರ: ತೂಕ ಇಳಿಯಿತು, 45 ದಾಟದ ಹೆಂಗಸರಲ್ಲಿ ಶೇ. 30ರಷ್ಟು ಮಂದಿಗೆ ಮುಟ್ಟು ಏರುಪೇರಾಯಿತು ಅಥವಾ ನಿಂತೇಹೋಯಿತು.

ಹಂದಿಮಾಂಸ ಬಳಕೆಯಲ್ಲಿರುವ ಸೀಮೆಗೆ ಇನ್ನೊಂದು ಸಂಗತಿ ಮುಖ್ಯ. ಸರಿಯಾಗಿ ಬೇಯದ ಹಂದಿಮಾಂಸದಿಂದ ಲಾಡಿಹುಳು ಕರುಳಿಗೆ ಸೇರುತ್ತದೆ. ಆದರೆ ಅದೇ ಹುಳುವಿನ ಮರಿ ಮಿದುಳಿನಲ್ಲಿ ಗೂಡುಕಟ್ಟಿ ಮೂರ್ಛೆರೋಗ ತರುವುದು ಮಾಂಸದಿಂದಲ್ಲ. ಮನುಷ್ಯನ ಮಲದಿಂದ ಮಣ್ಣು ನೀರಿಗೆ ಸೇರಿದ ಮೊಟ್ಟೆಗಳಿಂದ. ಅವು ತೊಳೆಯದ ಹಸಿ ಸೊಪ್ಪು ತರಕಾರಿಗೆ ಅಂಟಿ ಬರುತ್ತವೆ. ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುವುದು ಹೀಗೆ. ಒಂದೆಲಗವನ್ನು ಬೇರು ಸಮೇತ ಅರೆಯುವ ಮನೆಗಳಲ್ಲಿ ಮೂರು ನಾಲ್ಕು ನೀರು ತೊಳೆಯುವ ಶಿಸ್ತಿಗೆ ಇಲ್ಲಿ ಅರ್ಥವಿದೆ.

ಈಚಿನ ವರ್ಷಗಳಲ್ಲಿ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ನಡುವೆ ಬೆಣ್ಣೆಹಣ್ಣು ಎದ್ದಿದೆ. ಬೆಂಗಳೂರಿನ ಸಲಾಡಿಗೆ ಅದು ಹೋಗುತ್ತದೆ. ಹೋಂಸ್ಟೇಗೆ ಬರುವ ಕೆಲವರು ಚಗಳಿ ಚಟ್ನಿ ಸಿಗುತ್ತದೆಯೇ ಎಂದು ಕೇಳುತ್ತಾರೆ. ಅದಕ್ಕೆ ಗೂಡು ಇಳಿಸಬಲ್ಲವರು ಬೇಕು, ಆ ಹೊತ್ತಿನಲ್ಲಿ ಅವರು ಹೆಚ್ಚಾಗಿ ಕುಯ್ಲಿನ ಕೆಲಸದಲ್ಲಿರುತ್ತಾರೆ.