ಹಾಡುವಳ್ಳಿಯಿಂದ ಬಂದರಿಗೆ: ಭಟ್ಕಳದ ಒಂದು ದಿನ

ಕರಾವಳಿಯ ಹಳೆಯ ಪಟ್ಟಣವೊಂದಕ್ಕೆ ಕುಟುಂಬ ಸಮೇತ ಒಂದು ದಿನದ ಮಟ್ಟಿಗೆ ಹೋಗಿಬರಬೇಕೆಂದು ಯೋಜಿಸುವವರು ಉತ್ತರ ಕನ್ನಡದಲ್ಲಿ ಸಾಮಾನ್ಯವಾಗಿ ಮುರುಡೇಶ್ವರವನ್ನು ಆರಿಸಿಕೊಳ್ಳುತ್ತಾರೆ. ಮನೆಯ ಹಿರಿಯರಿಗೆ ದೇವರ ದರ್ಶನ, ಮಕ್ಕಳಿಗೆ ಕಡಲು, ಎರಡೂ ಒಂದೇ ಕಡೆ ಸಿಗುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ಭಟ್ಕಳ ಅಂಥವರ ಪಾಲಿಗೆ ಹೆದ್ದಾರಿಯ ಮೇಲಿನ ಒಂದು ನಿಲುಗಡೆ ಮಾತ್ರ. ಪತ್ರಿಕೆಗಳಲ್ಲಿ ಆ ಊರಿನ ಹೆಸರು ಕಾಣಿಸಿಕೊಳ್ಳುವ ಸಂದರ್ಭಗಳೂ ಅಲ್ಲಿ ಇಳಿಯುವ ಉತ್ಸಾಹವನ್ನು ಹುಟ್ಟಿಸುವಂಥವಲ್ಲ. ಆದರೆ ಹದಿನಾರನೆಯ ಶತಮಾನದ ಕನ್ನಡ ಕರಾವಳಿಯನ್ನು ಅರಿಯಬಯಸುವವರಿಗೆ ಭಟ್ಕಳವನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಬಸದಿ, ದೇವಾಲಯ, ಮಸೀದಿಗಳು ಒಂದೇ ವಾಣಿಜ್ಯದ ನೆರಳಿನಲ್ಲಿ ಬೆಳೆದದ್ದನ್ನು ಅಲ್ಲಿ ಕಾಲ್ನಡಿಗೆಯಲ್ಲೇ ನೋಡಬಹುದು.

ಪ್ರವಾಸವನ್ನು ಎಲ್ಲಿಂದ ಆರಂಭಿಸಬೇಕು ಎಂಬುದು ಇಲ್ಲಿ ಅನುಕೂಲದ ಪ್ರಶ್ನೆಯಷ್ಟೇ ಅಲ್ಲ, ಇತಿಹಾಸದ ಪ್ರಶ್ನೆಯೂ ಹೌದು. ಬಂದರು ಪಟ್ಟಣಗಳನ್ನು ಕಡಲಿನ ಕಡೆಯಿಂದ ನೋಡುವ ರೂಢಿ ನಮಗೆ ಪೋರ್ಚುಗೀಸ್ ಬರಹಗಳಿಂದ ಬಂದದ್ದು. ಹಡಗಿನಲ್ಲಿ ಬಂದವನಿಗೆ ಮೊದಲು ಕಾಣುವುದು ಅಳಿವೆ, ಆಮೇಲೆ ಪೇಟೆ; ಅದರಾಚೆಗಿನ ಕಾಡು, ಬೆಟ್ಟಗಳು ಅವನಿಗೆ ಬರಿಯ ಹಿನ್ನೆಲೆ. ಭಟ್ಕಳವನ್ನು ಆಳಿದವರಾದರೋ ಇದ್ದದ್ದು ಆ ಹಿನ್ನೆಲೆಯಲ್ಲಿ. ಆದ್ದರಿಂದ ಬೆಳಗಿನ ಹೊತ್ತನ್ನು ಒಳನಾಡಿನ ಹಾಡುವಳ್ಳಿಗೆ ಮೀಸಲಿಟ್ಟು, ಮಧ್ಯಾಹ್ನಕ್ಕೆ ಭಟ್ಕಳದ ಪೇಟೆಗಿಳಿದು, ಸಂಜೆಗೆ ಬಂದರನ್ನು ಸೇರುವ ಕ್ರಮವೇ ಯುಕ್ತ. ಘಟ್ಟದ ಸರಕು ಕಡಲಿಗಿಳಿಯುತ್ತಿದ್ದ ದಿಕ್ಕೂ ಅದೇ.

ಭಟ್ಕಳದಿಂದ ಸುಮಾರು 20 ಕಿಲೋಮೀಟರ್ ಒಳಗೆ, ಸಹ್ಯಾದ್ರಿಯ ಬುಡದಲ್ಲಿರುವ ಹಾಡುವಳ್ಳಿ ಇಂದು ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ. ಸಂಸ್ಕೃತದಲ್ಲಿ ಇದನ್ನೇ ಸಂಗೀತಪುರವೆಂದು ಕರೆದರು. ‘ಹಾಡು’ ಎಂಬ ಮಾತನ್ನು ‘ಸಂಗೀತ’ವಾಗಿಸಿದ ಆ ಅನುವಾದವನ್ನು ನೋಡಿದರೆ ಊರಿನ ಪಂಡಿತರ ಅಭಿರುಚಿ ತಿಳಿಯುತ್ತದೆ. ವಿಜಯನಗರದ ಸಾಮಂತರಾಗಿ ಇಲ್ಲಿಂದ ಆಳಿದ ಸಾಳುವ ಮನೆತನದ ಅರಸರು ಜೈನಧರ್ಮೀಯರು. ಭಟ್ಕಳ ಅವರ ಕಡಲ ಬಾಗಿಲು. ಇಲ್ಲಿನ ಚತುರ್ವಿಂಶತಿ ತೀರ್ಥಂಕರ ಬಸದಿಯಲ್ಲಿರುವ ಲೋಹಬಿಂಬಗಳನ್ನು ನೋಡಲು ಒಂದು ಗಂಟೆಯಾದರೂ ಬೇಕು. ಮಕ್ಕಳು ಜೊತೆಗಿದ್ದರೆ ಲಾಂಛನಗಳನ್ನು ಗುರುತಿಸುವ ಕೆಲಸವನ್ನು ಅವರಿಗೇ ವಹಿಸಬಹುದು: ವೃಷಭನಿಗೆ ಎತ್ತು, ಅಜಿತನಿಗೆ ಆನೆ, ಸಂಭವನಿಗೆ ಕುದುರೆ, ಚಂದ್ರಪ್ರಭನಿಗೆ ಬಾಲಚಂದ್ರ. ಇಂಥ ಹಳ್ಳಿಯ ಬಸದಿಗಳು ಪೂಜೆ ಮುಗಿದ ಮೇಲೆ ಮುಚ್ಚಿರುವ ಸಂಭವ ಹೆಚ್ಚು. ಬೆಳಿಗ್ಗೆ ಬೇಗನೆ ಹೊರಡಬೇಕೆನ್ನುವುದಕ್ಕೆ ಬಿಸಿಲಿನಂತೆ ಇದೂ ಒಂದು ಕಾರಣ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಹಾಡುವಳ್ಳಿ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರ್ಣಗೊಳಿಸಿದ ಭಟ್ಟಾಕಳಂಕನು ಈ ಊರಿನ ಮಠದ ಅಕಲಂಕದೇವನ ಶಿಷ್ಯ. 592 ಸೂತ್ರಗಳ ಈ ವ್ಯಾಕರಣ ಕನ್ನಡವನ್ನು ಕುರಿತದ್ದಾದರೂ ಸಂಸ್ಕೃತದಲ್ಲಿ ರಚಿತವಾಗಿದೆ; ವೃತ್ತಿಯೂ ವ್ಯಾಖ್ಯಾನವೂ ಸಂಸ್ಕೃತದಲ್ಲೇ ಇವೆ. ಕನ್ನಡವು ಶಾಸ್ತ್ರಕ್ಕೆ ಒಗ್ಗದ ಭಾಷೆಯೆಂಬ ಆಕ್ಷೇಪವನ್ನು ಅವನು ಸಂಸ್ಕೃತದಲ್ಲೇ ಎದುರಿಸಿ, ಹಿಂದೆ ಈ ಭಾಷೆಯಲ್ಲಿ ‘ಚೂಡಾಮಣಿ’ಯಂಥ ಮಹಾವ್ಯಾಖ್ಯಾನ ಹುಟ್ಟಿತ್ತೆಂಬುದನ್ನು ಆಧಾರವಾಗಿ ನೀಡಿದ. ಎದುರಾಳಿಗೆ ಅವನ ಭಾಷೆಯಲ್ಲೇ ಉತ್ತರಿಸುವ ಈ ವಿಧಾನ ಹತ್ತು ಕಡೆಯ ವರ್ತಕರು ನೆರೆಯುತ್ತಿದ್ದ ಬಂದರಿನ ನೆರೆಯಲ್ಲಿ ರೂಪುಗೊಂಡದ್ದು ಕೇವಲ ಆಕಸ್ಮಿಕವೆನಿಸುವುದಿಲ್ಲ. ಕೃತಿ ಮುಗಿದ ಎರಡೇ ವರ್ಷಕ್ಕೆ, 1606ರ ಹೊತ್ತಿಗೆ, ಕೆಳದಿಯ ವೆಂಕಟಪ್ಪನಾಯಕನು ಗೇರುಸೊಪ್ಪೆಯ ರಾಜ್ಯವನ್ನು ಗೆದ್ದುಕೊಂಡನು. ಆಶ್ರಯ ಕುಸಿಯುವ ಅಂಚಿನಲ್ಲಿ ನಿಂತು ಬರೆದ ವ್ಯಾಕರಣ ಅದು.

ಭಟ್ಕಳಕ್ಕೆ ಆ ಹೆಸರು ಬಂದದ್ದು ಭಟ್ಟಾಕಳಂಕನಿಂದ ಎಂಬ ಮಾತು ಜನಜನಿತವಾಗಿದೆ. ಕೇಳಲು ಹಿತವಾದರೂ ಕಾಲಗಣನೆಗೆ ಇದು ಹೊಂದುವುದಿಲ್ಲ. 1502ರಲ್ಲಿ ವಾಸ್ಕೊ ಡ ಗಾಮನ ನೌಕಾಪಡೆ ಈ ಬಂದರಿನ ಮೇಲೆರಗಿ ಅಕ್ಕಿಯ ಕಪ್ಪವನ್ನು ವಿಧಿಸಿದಾಗಲೇ ಊರಿಗೆ ಈ ಹೆಸರಿತ್ತು. 1516ರ ಸುಮಾರಿಗೆ ಬರೆದ ದುವಾರ್ತೆ ಬಾರ್ಬೊಸಾ ಅದನ್ನೇ ತನ್ನ ಉಚ್ಚಾರಣೆಯಲ್ಲಿ ‘ಬಾಟಿಕಲಾ’ ಎನ್ನುತ್ತಾನೆ. ವೈಯಾಕರಣನ ಕೃತಿಗೂ ಈ ಉಲ್ಲೇಖಗಳಿಗೂ ಸುಮಾರು ನೂರು ವರ್ಷಗಳ ಅಂತರವಿದೆ. ಊರಿನ ಹೆಸರಿಗೆ ಅವನನ್ನು ಕಾರಣನನ್ನಾಗಿ ಮಾಡದೆಯೂ ಅವನನ್ನು ಗೌರವಿಸಬಹುದು.

ಚೆನ್ನಭೈರಾದೇವಿಯ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಈ ರಾಣಿಯ ಆಳ್ವಿಕೆಯ ಆರಂಭವನ್ನು ಸಾಮಾನ್ಯವಾಗಿ 1552 ಎಂದು ಹೇಳಲಾಗುತ್ತದೆ. 1542ರಲ್ಲಿ ಗೋವೆಯ ಗವರ್ನರ್ ಮಾರ್ಟಿಂ ಅಫೊನ್ಸೊ ಡ ಸೋಜ ಭಟ್ಕಳವನ್ನು ಸುಲಿಗೆ ಮಾಡಿ ಸುಟ್ಟಾಗ ಅವನಿಗೆ ಎದುರಾದವಳನ್ನು ಆ ಕಾಲದ ದಾಖಲೆಗಳು ‘ಭಟ್ಕಳದ ರಾಣಿ’ ಎನ್ನುತ್ತವೆ. ಇಬ್ಬರನ್ನೂ ಒಬ್ಬಳೆಂದೇ ಭಾವಿಸಿ ಕಥೆ ಹೆಣೆಯುವುದು ಜನಪ್ರಿಯ ಬರಹಗಳಲ್ಲಿ ಹೆಚ್ಚಾಗಿದೆ. ಈ ಕರಾವಳಿಯಲ್ಲಿ ಸ್ತ್ರೀಯರು ಒಬ್ಬರ ನಂತರ ಒಬ್ಬರು ಪಟ್ಟವೇರಿದ್ದರೆಂಬ ಹೆಚ್ಚು ಅರ್ಥಪೂರ್ಣವಾದ ಸಂಗತಿ ಇದರಿಂದ ಮರೆಯಾಗುತ್ತದೆ. ರಾಣಿಯ ಹೆಸರು ಕೇಳಿದೊಡನೆ ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನೂ ಅದೇ ದಿನ ನೋಡಿಬಿಡೋಣವೆಂಬ ಆಸೆ ಮೂಡುವುದು ಸಹಜ. ಅದನ್ನು ಅದುಮಿಕೊಳ್ಳುವುದು ಒಳ್ಳೆಯದು. ಶರಾವತಿಯ ದಡದ ಆ ಪಾಳುನಗರಕ್ಕೆ ಬೇರೆಯೇ ಒಂದು ದಿನ ಬೇಕು. ಧಾವಂತದಲ್ಲಿ ನೋಡಿದರೆ ಎರಡೂ ಕೈತಪ್ಪುತ್ತವೆ.

ಊಟ ಮುಗಿಸಿ ಭಟ್ಕಳದ ಹಳೆಯ ಪೇಟೆಯಲ್ಲಿ ನಡೆಯತೊಡಗಿದರೆ ಮೊದಲು ನೋಡಬೇಕಾದದ್ದು ಜಟ್ಟಪ್ಪನಾಯಕನ ಚಂದ್ರನಾಥೇಶ್ವರ ಬಸದಿ. ಎದುರಿಗೆ ಏಕಶಿಲೆಯ ಎತ್ತರದ ಮಾನಸ್ತಂಭ, ಹಿಂದೆ ಉದ್ದಕ್ಕೆ ಚಾಚಿಕೊಂಡ ಎರಡು ಅಂತಸ್ತಿನ ಕಲ್ಲುಕಟ್ಟಡ. ಶಿಖರವನ್ನು ನಿರೀಕ್ಷಿಸಿ ಬಂದವರಿಗೆ ಇದು ದೊಡ್ಡ ಮನೆಯಂತೆ ತೋರಿ ನಿರಾಶೆಯಾಗಬಹುದು. ಕರಾವಳಿಯ ವಾಸ್ತುವಿನ ಗುಣವಿರುವುದು ಅಲ್ಲಿಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಸುರಿಯುವ ಮಳೆಗೆ ಚಪ್ಪಟೆ ಮಾಳಿಗೆ ತಾಳುವುದಿಲ್ಲ. ಮರ, ಹುಲ್ಲುಗಳ ಇಳಿಜಾರು ಮಾಡನ್ನು ಕಲ್ಲುಚಪ್ಪಡಿಗಳಲ್ಲಿ ಪುನರ್ರಚಿಸುವ ಕ್ರಮ ಮೂಡುಬಿದಿರೆಯಿಂದ ಭಟ್ಕಳದವರೆಗೂ ಕಾಣುತ್ತದೆ.

ಖೇತಪೈ ನಾರಾಯಣ ದೇವಾಲಯದಲ್ಲಿಯೂ ಕಲ್ಲಿನ ಇದೇ ಇಳಿಜಾರು ಮಾಡು ಇದೆ. ಹೊರಗೋಡೆಯ ಶಿಲ್ಪಗಳಲ್ಲಿ ರಾಮಾಯಣದ ಪ್ರಸಂಗಗಳು ಸಾಲುಗೊಂಡಿವೆ. ಅಜ್ಜಿ, ತಾತಂದಿರು ಮೊಮ್ಮಕ್ಕಳಿಗೆ ಕಥೆ ಹೇಳುತ್ತಾ ಪ್ರದಕ್ಷಿಣೆ ಬರಲು ಇದಕ್ಕಿಂತ ಒಳ್ಳೆಯ ಗೋಡೆ ಈ ಸುತ್ತಿನಲ್ಲಿ ಇಲ್ಲ. ‘ಪೈ’ ಎಂಬ ಉಪನಾಮ ಕೊಂಕಣಿ ವರ್ತಕ ಸಮುದಾಯವನ್ನು ಸೂಚಿಸುತ್ತದೆ. ದೇವಾಲಯವು ಅರಸನ ಹೆಸರಿನಿಂದಲ್ಲದೆ ಕಟ್ಟಿಸಿದವನ ಹೆಸರಿನಿಂದ ಪ್ರಸಿದ್ಧವಾಗಿರುವುದು ಗಮನಿಸತಕ್ಕ ಅಂಶ. ಬಸದಿಯನ್ನು ಜಟ್ಟಪ್ಪನಾಯಕನ ಹೆಸರಿನಿಂದ ಗುರುತಿಸುವುದೂ ಹೀಗೆಯೇ.

ಇದೇ ಪೇಟೆಯ ಜಾಮಿಯಾ ಮಸೀದಿಯನ್ನು ಊರಿನವರು ‘ಚಿನ್ನದ ಪಳ್ಳಿ’ ಎನ್ನುತ್ತಾರೆ. ‘ಪಳ್ಳಿ’ ಎಂಬ ಮಾತಿನ ಪಯಣ ಕುತೂಹಲಕರ. ಹಳೆಯ ತಮಿಳಿನಲ್ಲಿ ಅದು ಜೈನ, ಬೌದ್ಧ ಮುನಿಗಳ ನೆಲೆ. ಪಶ್ಚಿಮ ಕರಾವಳಿಯಲ್ಲಿ ಅದೇ ಮಾತು ಮಸೀದಿಗೆ ಸಂದಿತು. ಅರಬ್ಬೀ ವರ್ತಕರ ಸಂತತಿಯೆಂದು ಹೇಳಿಕೊಳ್ಳುವ ಇಲ್ಲಿನ ನವಾಯತರ ಮನೆಮಾತು ಕೊಂಕಣಿಗೆ ಹತ್ತಿರವಾದ ನವಾಯತಿ. ಅದನ್ನು ಬರೆಯುವುದು ಪರ್ಷಿಯನ್–ಅರಬ್ಬೀ ಲಿಪಿಯಲ್ಲಿ. ಪ್ರಾರ್ಥನೆಯ ವೇಳೆಯನ್ನು ತಪ್ಪಿಸಿ, ಅಲ್ಲಿದ್ದವರ ಅನುಮತಿ ಕೇಳಿ ನೋಡುವುದು ಸೌಜನ್ಯ. ಬಸದಿಯ ಒಳಗೆ ಹೋಗುವವರಿಗೂ ಇದೇ ಸೌಜನ್ಯ ಬೇಕಷ್ಟೆ.

ಹಾರ್ಮುಜ್‌ನಿಂದ ಕುದುರೆ, ಮುತ್ತುಗಳನ್ನು ತಂದ ಹಡಗುಗಳು ಇಲ್ಲಿಂದ ಬಿಳಿ ಅಕ್ಕಿ, ಪುಡಿಸಕ್ಕರೆ, ಕಬ್ಬಿಣವನ್ನು ತುಂಬಿಕೊಂಡು ಮರಳುತ್ತಿದ್ದವೆಂದು ಬಾರ್ಬೊಸಾ ಬರೆದಿದ್ದಾನೆ. ಕುದುರೆ ವಿಜಯನಗರದ ಸೈನ್ಯಕ್ಕೆ, ಸುಂಕ ಜೈನ ಅರಸರಿಗೆ, ಹಡಗು ಮುಸಲ್ಮಾನ ವರ್ತಕರದು. ಈ ಸರಪಳಿಯ ಒಂದು ಕೊಂಡಿಯನ್ನು ಕಳಚಿದರೆ ಪೇಟೆಯ ಯಾವ ಕಟ್ಟಡಕ್ಕೂ ಹಣ ಎಲ್ಲಿಂದ ಬಂತೆಂದು ವಿವರಿಸಲಾಗದು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಕುದುರೆ ವ್ಯಾಪಾರವನ್ನೆಲ್ಲ ಅತ್ತ ಸೆಳೆಯಲು ಹವಣಿಸಿದ್ದು ಈ ಸರಪಳಿಯನ್ನು ಮುರಿಯುವುದಕ್ಕೇ.

ಬಿಸಿಲು ಇಳಿದ ಮೇಲೆ ಶರಾಬಿ ಹೊಳೆಯ ಅಳಿವೆಯ ಕಡೆ, ಬಂದರಿಗೆ ಹೋಗಬೇಕು. ಪ್ರವಾಸಕ್ಕೆ ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಕಾಲ ಸೂಕ್ತ; ಮಳೆ ನಿಂತು ಹಡಗುಗಳು ಬರತೊಡಗುತ್ತಿದ್ದ ಋತುವೂ ಅದೇ. ಈಗ ಅಲ್ಲಿರುವುದು ಮೀನುಗಾರಿಕೆಯ ದೋಣಿಗಳು, ಗುಡ್ಡದ ಮೇಲೊಂದು ದೀಪಸ್ತಂಭ. ಸಮಯ ಉಳಿದರೆ, ಊರಿನಲ್ಲಿರುವ ಇಂಗ್ಲಿಷರ ಮೂರು ಗೋರಿಗಳನ್ನು ವಿಚಾರಿಸಿ ಹುಡುಕಬಹುದು. ಅವುಗಳ ಕಾಲ 1637–38. ಕೆಳದಿಯ ಆಳ್ವಿಕೆಯಲ್ಲಿ ಇಲ್ಲಿ ವ್ಯಾಪಾರಕ್ಕೆ ತೊಡಗಿದವರ ಗೋರಿಗಳು. ಇಂಗ್ಲಿಷರ ನಾಯಿಯೊಂದು ದೇವರ ಹಸುವನ್ನು ಕೊಂದುದರಿಂದ ಕೆರಳಿದ ಜನ ಕೋಠಿಯವರನ್ನೆಲ್ಲ ಕೊಂದರೆಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ನಾವಿಕ ಹೇಳಿದ್ದಾನೆ. ಅವನು ಆ ಘಟನೆಯನ್ನು ಇರಿಸುವುದು 1670ರ ಸುಮಾರಿಗೆ. ಕಲ್ಲಿನ ಮೇಲಿನ ಇಸವಿಗೂ ಅವನ ಕಥೆಗೂ ಮೂವತ್ತು ವರ್ಷಗಳಿಗೂ ಮೀರಿದ ಅಂತರವಿದೆ. ಬೆಳಿಗ್ಗೆ ಲಾಂಛನ ಗುರುತಿಸಿದ ಮಕ್ಕಳಿಗೆ ಸಂಜೆಯ ಈ ಲೆಕ್ಕವನ್ನೂ ವಹಿಸಬಹುದು.